ಕೇಳದೆ ಮುಟ್ಟಬೇಡಿ

ಆ ತಲೆ ನಮ್ಮ ಮನೆಗೆ ಬಂದದ್ದು ಗಣಪತಿಯನ್ನು ಕಳಿಸಿದ ಮರುವಾರ. ವಿಲೆ ಪಾರ್ಲೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಅಷ್ಟು ದೊಡ್ಡ ತಲೆಗೆ ಜಾಗ ಎಲ್ಲಿಂದ ತರಬೇಕು? ಮಗಳು ಅದನ್ನು ಫ್ರಿಜ್ಜಿನ ಮೇಲೆ ಕೂರಿಸಿದಳು. ಬೂದಿ ಬಣ್ಣ. ಮೀನಿಗಿರುವಂತೆ ಎರಡು ಪಕ್ಕಕ್ಕೆ ಸರಿದ ಕಣ್ಣು. ಹಣೆಯಿಂದ ಗದ್ದದವರೆಗೆ ತೊಳೆದಿಟ್ಟ ತಟ್ಟೆಯ ಹಾಗೆ ನುಣ್ಣಗೆ. ಬೆಳಿಗ್ಗೆ ಹಾಲು ತೆಗೆಯಲು ಹೋದವಳು ಮುಖ ಎತ್ತಿ ನೋಡಿದೆ. ಏನೋ ಸರಿ ಇಲ್ಲ ಅನಿಸಿತು, ಏನೆಂದು ತಿಳಿಯಲಿಲ್ಲ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಚೆಲ್ಲಿದಾಗ ಹೊಳೆಯಿತು. ಅದಕ್ಕೆ ಬಾಯಿ ಇರಲಿಲ್ಲ.

“ಒಂದ್ ಬಾಯಿನಾದ್ರೂ ಮಾಡವ್ವಾ ಅದಕ್ಕ. ನೋಡಾಕ ಆಗವಲ್ದು,” ಅಂದೆ.

“ಮಮ್ಮಿ, ವಹೀ ತೋ ಪಾಯಿಂಟ್ ಅದ,” ಅಂದಳು ಮಗಳು. “ಅದು ಮಾತೇ ಆಡೂದಿಲ್ಲ. ನೀರಿಲ್ಲದ ಸಮುದ್ರದಾಗ ಇರ್ತದ. ಚರ್ಮದಿಂದ ಎಲ್ಲಾ ತಿಳ್ಕೋತದ.”

ನನ್ನ ಮಗಳ ಕನ್ನಡ ಹೀಗೆಯೇ. ಮನೆಯ ಮಾತಿಗೆ ಹಿಂದಿಯ ತೇಪೆ, ಅದರ ಮೇಲೆ ಇಂಗ್ಲಿಷಿನ ಗುಂಡಿ. ಸಣ್ಣವಳಿದ್ದಾಗ ನನ್ನನ್ನು ಅವ್ವಾ ಅನ್ನುತ್ತಿದ್ದಳು. ಶಾಲೆಗೆ ಹೋದ ಮೇಲೆ ನಾನು ಮಮ್ಮಿಯಾದೆ. ಆಗ ಅವಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು.

ಮನೆಗೆ ಈ ವಿಜ್ಞಾನ ಕಥೆಗಳ ಹುಚ್ಚನ್ನು ತಂದವರು ನನ್ನ ಗಂಡ. ಧಾರವಾಡದಿಂದ ನೌಕರಿಗೆಂದು ಬಂದವರು ರಸ್ತೆ ಬದಿಯ ಹಳೇ ಪುಸ್ತಕದ ಗುಡ್ಡೆಯಿಂದ ರಾಕೆಟ್ಟಿನ ಚಿತ್ರವಿರುವ ಪುಸ್ತಕಗಳನ್ನು ಆರಿಸಿ ಆರಿಸಿ ತಂದು ಮಂಚದ ಕೆಳಗೆ ತುಂಬಿದರು. ಮಗಳು ಅಂಬೆಗಾಲಿಡುತ್ತ ಆ ಮಂಚದ ಕೆಳಗೇ ಹೋದಳು. ಅಪ್ಪ ಮಗಳು ಇಬ್ಬರೂ ಈ ಭೂಮಿಯ ಮೇಲೆ ಬಾಡಿಗೆಗೆ ಇರುವವರ ಹಾಗೆ ಮಾತಾಡುತ್ತಾರೆ. ಗ್ಯಾಸ್ ಬುಕ್ ಮಾಡುವುದು ಮಾತ್ರ ನಾನು.

ನನಗೆ ಮೊದಲಿನಿಂದಲೂ ಕೆಟ್ಟದ್ದೇ ಮೊದಲು ಕಾಣುತ್ತದೆ. ವಿಮಾನದಲ್ಲಿ ಬಂದ ಸರಕನ್ನು ಕಸ್ಟಮ್ಸಿನಿಂದ ಬಿಡಿಸಿಕೊಡುವ ಏಜೆಂಟರ ಆಫೀಸಿನಲ್ಲಿ ನನ್ನ ಕೆಲಸ. ಗಾಜು ಇದೆ, ತಲೆಕೆಳಗು ಮಾಡಬೇಡಿ ಎಂದು ದೊಡ್ಡದಾಗಿ ಬರೆದ ಪೆಟ್ಟಿಗೆಗಳು ತಲೆಕೆಳಗಾಗಿಯೇ ಬರುವುದನ್ನು ನೋಡಿ ನೋಡಿ ನನಗೆ ಈ ಗುಣ ಬಂದಿರಬೇಕು. ಮನೆಯಲ್ಲಿ ನನ್ನ ಹೆಸರು ಹವಾಮಾನ ಇಲಾಖೆ. “ಇಲಾಖೆ ಏನಂತದ ಇವತ್ತು?” ಎಂದು ಗಂಡ ಕೇಳಿದರೆ ಮಗಳು ಬಿದ್ದು ಬಿದ್ದು ನಗುತ್ತಾಳೆ. ನಗಲಿ, ಕೊಡೆ ಹಿಡಿದುಕೊಂಡು ಹೋಗುವವಳು ನಾನೇ.

ಹೀಗಿದ್ದ ನನ್ನನ್ನು ಆ ಸಮ್ಮೇಳನಕ್ಕೆ ಎಳೆದದ್ದೂ ಒಂದು ಪೆಟ್ಟಿಗೆಯೇ. ನಗರದ ವಿಜ್ಞಾನ ಕಥೆ, ಅದ್ಭುತ ಕಥೆಗಳ ಅಭಿಮಾನಿಗಳೆಲ್ಲ ಸೇರಿ ಹೊರದೇಶಗಳ ಅಭಿಮಾನಿಗಳನ್ನೂ ಲೇಖಕರನ್ನೂ ಕರೆಸುವುದೆಂದು ತೀರ್ಮಾನಿಸಿದ್ದರು. ಜಪಾನಿನಿಂದ, ಬ್ರೆಜಿಲಿನಿಂದ, ಫಿನ್ಲೆಂಡಿನಿಂದ ಜನ ಬರುವವರಿದ್ದರು. ಜಪಾನಿನವರು ಪ್ರದರ್ಶನಕ್ಕೆಂದು ಮುಂಚೆಯೇ ಕಳಿಸಿದ ಪೆಟ್ಟಿಗೆಯೊಂದು ಕಾರ್ಗೋದಲ್ಲಿ ಸಿಕ್ಕಿಬಿತ್ತು. ತೆರೆದು ನೋಡಿದ ಅಧಿಕಾರಿಗೆ ಒಳಗೆ ಕಂಡದ್ದು ಕಿರಣ ಬಿಡುವ ಬಂದೂಕು. ಪ್ಲಾಸ್ಟಿಕ್ಕಿನದು, ಮಕ್ಕಳ ಆಟದ್ದು ಎಂದು ಅವನಿಗೆ ತಿಳಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಪೆಟ್ಟಿಗೆ ಬಿಡಿಸಿದ್ದೇ ತಪ್ಪಾಯಿತು. “ನೀವು ನಮ್ಮ ಕಮಿಟಿಗೆ ಬರಲೇಬೇಕು,” ಎಂದು ಸಂಘದ ಅಧ್ಯಕ್ಷೆ ಹಟ ಹಿಡಿದರು. ಆಕೆ ನಿವೃತ್ತ ಭೌತಶಾಸ್ತ್ರದ ಪ್ರೊಫೆಸರ್. ಆಕೆಗೆ ಇಲ್ಲ ಅನ್ನುವುದು ಗೋಡೆಗೆ ಹೇಳಿದ ಹಾಗೆ. ಕಥೆ ಓದದವಳು ನಾನೊಬ್ಬಳೇ ಆ ಕಮಿಟಿಯಲ್ಲಿ.

ಸಭೆಗಳು ಭಾನುವಾರ ಮಧ್ಯಾಹ್ನ, ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಮಹಡಿ ಮೇಲೆ. ಊಟದ ಗದ್ದಲ ಮುಗಿದು ಸಂಜೆಯ ಗದ್ದಲ ಶುರುವಾಗುವವರೆಗೆ ಫ್ಯಾಮಿಲಿ ರೂಮು ನಮ್ಮದು. ಹೋಟೆಲಿನ ಮಾಲೀಕರಿಗೆ ಕಥೆಯ ಗೊಡವೆ ಇಲ್ಲ, ಜನ ಸೇರಿದರೆ ಖುಷಿ. ಸಮ್ಮೇಳನದ ಊಟದ ಜವಾಬ್ದಾರಿ ಅವರೇ ಹೊತ್ತರು. ಒಂದು ಭಾನುವಾರ ಮಗಳು ಸಮ್ಮೇಳನಕ್ಕೆ ತಾನು ವೇಷ ಕಟ್ಟಲಿದ್ದ ಪ್ರಾಣಿಯ ಚಿತ್ರ ತೋರಿಸಿದಾಗ ಅವರು ಕಾಫಿ ಲೋಟ ಹಿಡಿದೇ ಬಗ್ಗಿ ನೋಡಿದರು.

“ಅಲ್ಲ ಅಕ್ಕ, ಇದಕ್ಕೆ ಬಾಯಿ ಇಲ್ಲವಾ? ಮತ್ತೆ ಊಟ ಮಾಡುವುದು ಹೇಗೆ ಮಾರಾಯ್ರೆ?”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಬಾಯಿಯಿಂದ ಮಾಡುವ ಕೆಲಸ ಊಟ ಒಂದೇನಾ?

ನನಗೆ ಆ ಸಮ್ಮೇಳನದಲ್ಲಿ ನಿಜವಾಗಿ ಬೇಕಾಗಿದ್ದದ್ದು ಒಂದೇ ಒಂದು. ಅದಕ್ಕೆ ಕಾರಣ ಅದರ ಹಿಂದಿನ ವರ್ಷ ಬಾಂದ್ರಾದಲ್ಲಿ ಆದದ್ದು. ಅಲ್ಲಿ ಇಂಥದೇ ಒಂದು ಸಣ್ಣ ಕೂಟ ನಡೆದಿತ್ತು. ಮಗಳು ತಾನೇ ಹೊಲಿದ ರೆಕ್ಕೆ ಕಟ್ಟಿಕೊಂಡು ಹೋಗಿದ್ದಳು. ಹೀಗೆ ಕಥೆಯ ಪಾತ್ರಗಳ ಕಾಸ್ಟ್ಯೂಮ್ ಹಾಕಿದವರ ಜೊತೆ ಫೋಟೋ ತೆಗೆಸಿಕೊಳ್ಳಲು ಜನ ಮುಗಿಬೀಳುತ್ತಾರೆ. ಹೆಗಲ ಮೇಲೆ ಕೈ, ಸೊಂಟದ ಮೇಲೆ ಕೈ, ಆಮೇಲೆ ಯಾರದೋ ಕೈ ಎಲ್ಲಿ ಹೋಗಬಾರದೋ ಅಲ್ಲಿ. ರೆಕ್ಕೆಯ ಭಾರಕ್ಕೆ ಅವಳಿಗೆ ತಿರುಗಲೂ ಆಗಲಿಲ್ಲ. ಲೋಕಲ್ ಹಿಡಿದು ಮನೆಗೆ ಬಂದವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀರು ಬೀಳುವ ಸದ್ದು ನಿಲ್ಲಲೇ ಇಲ್ಲ. ಹೊರಗೆ ಬಂದಾಗ ಬೆರಳ ತುದಿಗಳೆಲ್ಲ ನೆನೆದು ಬೆಳ್ಳಗಾಗಿದ್ದವು. ಆ ಕೈ ಯಾರದೆಂದು ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಿದ್ದರೆ ನಾನು ಇದನ್ನು ಜೈಲಿನಲ್ಲಿ ಕೂತು ಬರೆಯುತ್ತಿದ್ದೆ.

ಆದ್ದರಿಂದ ನಾನು ಕಮಿಟಿಗೆ ಹೋದ ಮೊದಲ ದಿನವೇ ಹೇಳಿದೆ: ಕಾಸ್ಟ್ಯೂಮ್ ಹಾಕಿದ ಯಾರನ್ನೂ ಕೇಳದೆ ಯಾರೂ ಮುಟ್ಟಬಾರದು. ಬಾಯಲ್ಲಿ ಹೇಳಿದರೆ ಸಾಲದು, ಹಾಗೆ ನಡೆಯಬೇಕು. ನನ್ನ ಮಗಳ ಮೈ ಮೇಲೆ ಇನ್ನೊಂದು ಸಲ ಬೇಡದ ಕೈ ಬೀಳಬಾರದು. ಕಮಿಟಿಯವರು ಅಲ್ಲೇ ಒಪ್ಪಿದರು. ಅಧ್ಯಕ್ಷೆಯಂತೂ ನನ್ನ ಕೈ ಹಿಡಿದುಕೊಂಡರು. ಹೊರದೇಶದ ಸಮ್ಮೇಳನಗಳಲ್ಲೂ ಈ ನಿಯಮ ಇದೆಯಂತೆ. ನಮ್ಮದು ಅವರಿಗಿಂತ ಬಿಗಿಯಾಗಿರಲಿ ಎಂದೆ.

ಬಿಗಿಯಾಗಿಯೇ ಮಾಡಿದೆವು. ಪ್ರತಿ ಕಾಸ್ಟ್ಯೂಮಿಗೂ ಒಬ್ಬರು ಜೊತೆಗಾರರು, ಅವರ ತೋಳಿಗೆ ಹಳದಿ ರಿಬ್ಬನ್. ಬಟ್ಟೆ ಸರಿ ಮಾಡುವುದು, ನೀರು ಕುಡಿಸುವುದು, ತೆಗೆಯುವುದು ಎಲ್ಲ ಅವರೊಬ್ಬರೇ. ಉಳಿದವರು ಎದುರು ನಿಂತಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಬೇಕು. ಇದು ನಾನೇ ಕಂಡುಹಿಡಿದದ್ದು. ಕೈ ಹಿಂದಿದ್ದರೆ ಅದು ತಾನಾಗಿ ಮುಂದೆ ಬರುವುದಿಲ್ಲ. ಮಹಡಿಯ ಫ್ಯಾಮಿಲಿ ರೂಮಿನಲ್ಲಿ ವಾಲಂಟಿಯರುಗಳನ್ನು ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸಿದೆ. “ಹಾಥ್ ಪೀಛೆ! ಪೆಹಲೇ ಪೂಛೋ!” ಕೈ ಹಿಂದೆ, ಮೊದಲು ಕೇಳಿ ಎಂದು ಹಿಂದಿಯಲ್ಲಿ ನಾನು ಕೂಗಿದರೆ ಎಲ್ಲ ಕೈ ಒಟ್ಟಿಗೆ ಹಿಂದೆ ಹೋಗುತ್ತಿದ್ದವು. ಮಾಲೀಕರು ಕೆಳಗಿನಿಂದ ಬಂದು, “ಅಕ್ಕ, ಇದು ಸಮ್ಮೇಳನವಾ, ಮಿಲಿಟರಿಯಾ?” ಎಂದು ಕೇಳಿ ಹೋದರು. ಗೋಡೆಗೆ ಹಚ್ಚುವ ಕಾಗದ ಇಂಗ್ಲಿಷ್, ಹಿಂದಿ, ಮರಾಠಿ ಮೂರರಲ್ಲಿತ್ತು. ಜಗಳ ಮಾಡಿ ಕನ್ನಡದಲ್ಲೂ ಬರೆಸಿದೆ: ಕೇಳದೆ ಮುಟ್ಟಬೇಡಿ. ಅದನ್ನು ಓದುವವರು ನಾವು ಮೂರು ಮತ್ತೊಂದು ಜನ. ಆದರೂ ಅದು ನನ್ನ ಮಗಳ ಸಲುವಾಗಿ ಇದ್ದ ಮಾತು, ನನ್ನ ಭಾಷೆಯಲ್ಲಿ ಇರಲಿ ಅನಿಸಿತು.

ಮಗಳು ಆ ಪ್ರಾಣಿಯನ್ನು ಕಟ್ಟುತ್ತಿದ್ದದ್ದು ಜೋಗೇಶ್ವರಿಯ ಒಂದು ಗಾಲಾದಲ್ಲಿ. ಗಾಲಾ ಅಂದರೆ ಶಟರ್ ಇರುವ ಒಂದೇ ಕೋಣೆಯ ಕಾರ್ಖಾನೆ. ಅವಳ ಗೆಳತಿಯ ಮನೆಯವರು ಅಲ್ಲಿ ಚೀಲ ಹೊಲಿಸುತ್ತಾರೆ. ಒಂದು ಶನಿವಾರ ಊಟದ ಡಬ್ಬಿ ಕೊಡಲು ಹೋದೆ. ಒಳಗೆ ಕಾಲಿಟ್ಟ ಕೂಡಲೇ ಅಂಟಿನ ವಾಸನೆ ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಪ್ರಾಣಿಯ ಮೈ ಹಗ್ಗದಿಂದ ತೂಗುಬಿದ್ದಿತ್ತು. ದಪ್ಪ ಫೋಮ್, ಅದರ ಮೇಲೆ ರಬ್ಬರಿನಂಥ ಬಣ್ಣ. ಗಾಳಿ ಆಡಿದರೆ ನಿಧಾನಕ್ಕೆ ನನ್ನ ಕಡೆ ತಿರುಗುತ್ತಿತ್ತು. ಬೆನ್ನಿಗೆ ಒಂದು ಜಿಪ್ಪು. ಜಿಪ್ಪು ಕಂಡರೆ ಅಂದ ಕೆಡುತ್ತದೆಂದು ಅದರ ಮೇಲೊಂದು ಪಟ್ಟಿ, ಹಾಕಿಕೊಂಡ ಮೇಲೆ ಅಂಟಿಸಿಬಿಡಲು.

“ಒಳಗಿಂದ ತೆಗಿಯಾಕ ಬರ್ತದನು?” ಎಂದು ಕೇಳಿದೆ.

“ಇಲ್ಲ. ಅದಕ್ಕ ತೋ ಇವಳಿದ್ದಾಳಲ್ಲ,” ಎಂದು ಮಗಳು ಗೆಳತಿಯ ಕಡೆ ಕೈ ತೋರಿಸಿದಳು. ಕನ್ನಡಕದ ತೆಳ್ಳನೆಯ ಹುಡುಗಿ, ಅವಳೇ ಜೊತೆಗಾತಿ. “ತಲಿಯೊಳಗ ಫ್ಯಾನ್ ಅದ, ಬ್ಯಾಟರಿದು. ಗಾಳಿ ಬರ್ತದ. ಟೆನ್ಷನ್ ಮತ್ ಲೇ, ಮಮ್ಮಿ.”

“ಮತ್ತ ಒಳಗಿಂದ ಒದರಿದ್ರ ಕೇಳಸ್ತದನು?”

ಇಬ್ಬರೂ ಮುಖ ಮುಖ ನೋಡಿಕೊಂಡರು. ಫೋಮ್ ದಪ್ಪ ಇದೆಯಲ್ಲ, ಕೇಳುವುದು ಕಷ್ಟ. ಆದರೆ ಇದು ಮಾತಾಡದ ಪ್ರಾಣಿ. ಕೂಗುವ ಪ್ರಶ್ನೆಯೇ ಇಲ್ಲ ಎಂದು ಮಗಳು ನಕ್ಕಳು. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಪುಸ್ತಕದಿಂದ ತಲೆ ಎತ್ತದೆ, “ಇಲಾಖೆ ಮತ್ತ ಚಂಡಮಾರುತ ಅಂತದೇನು?” ಅಂದರು. ನನಗೆ ಸಿಟ್ಟು ಬಂತು. ಅವತ್ತು ಅವರ ಪಾಲಿನ ಚಪಾತಿ ಅವರೇ ಬಡಿಸಿಕೊಂಡರು.

ಹಾಲ್ ಕೂಡ ಜೋಗೇಶ್ವರಿಯಲ್ಲೇ ಸಿಕ್ಕಿತು. ಹಿಂದೆ ಬಣ್ಣದ ಕಾರ್ಖಾನೆಯಾಗಿದ್ದ ಕಟ್ಟಡ, ಈಗ ಮದುವೆಗೂ ಪ್ರದರ್ಶನಕ್ಕೂ ಬಾಡಿಗೆಗೆ. ಕಿಟಕಿಗಳೆಲ್ಲ ಛಾವಣಿಯ ಹತ್ತಿರ, ಸಣ್ಣವು, ತೆರೆಯಲಾಗದವು. ಎಸಿ ಹಾಕಿದರೆ ಒಳಗೆ ತಂಪು, ಹೊರಗೆ ಅಕ್ಟೋಬರಿನ ಬಿಸಿಲು. ಮೊದಲ ಸಲ ನೋಡಲು ಹೋದಾಗ ನಾನು ಬಾಗಿಲುಗಳನ್ನೆಲ್ಲ ತಳ್ಳಿ ನೋಡಿದೆ, ಎಲ್ಲವೂ ತೆರೆದವು. ಬೆಂಕಿ ಆರಿಸುವ ಕೆಂಪು ಡಬ್ಬಿಗಳನ್ನು ನೋಡಿದೆ, ಅವೂ ಸರಿ ಇದ್ದವು. ಆದರೂ ಗೋಡೆಯ ಸುತ್ತ ಇನ್ನೊಂದು ಸಲ ತಿರುಗಿದೆ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಗೋಡೆಗೆ ಮೂಗು ಒಯ್ದರೆ ಇನ್ನೂ ಬಣ್ಣದ ವಾಸನೆ ಬರುತ್ತಿತ್ತು.

ಸಮ್ಮೇಳನದ ಮೊದಲ ದಿನ ಎಷ್ಟು ಚೆನ್ನಾಗಿ ನಡೆಯಿತೆಂದರೆ ನನಗೆ ಅದೇ ಹೆದರಿಕೆಯಾಯಿತು. ಹೊರದೇಶದವರೆಲ್ಲ ಸಮಯಕ್ಕೆ ಬಂದಿಳಿದರು. ಜಪಾನಿನವರ ಬಂದೂಕಿನ ಮುಂದೆ ಜನ ಸಾಲುಗಟ್ಟಿದರು. ಒಂದು ಕೋಣೆಯಲ್ಲಿ ಕಾಲಯಾನದ ಬಗ್ಗೆ ಚರ್ಚೆ, ಅದರ ಪಕ್ಕದಲ್ಲಿ ಡ್ರ್ಯಾಗನ್ ಸಾಕಿದರೆ ಬಿಲ್ಡಿಂಗಿನ ಸೊಸೈಟಿ ಒಪ್ಪುತ್ತದೆಯೇ ಎಂಬ ವಾದ. ಇಷ್ಟು ದೊಡ್ಡ ಮನುಷ್ಯರು ಇಷ್ಟು ಗಂಭೀರವಾಗಿ ಆಟವಾಡುವುದನ್ನು ನಾನು ಎಲ್ಲೂ ನೋಡಿರಲಿಲ್ಲ. ನನಗೇ ಗೊತ್ತಿಲ್ಲದೆ ಆ ಜನರ ಮೇಲೆ ಪ್ರೀತಿ ಹುಟ್ಟಿತ್ತು. ಕಾಸ್ಟ್ಯೂಮಿನವರು ಎಲ್ಲಿ ನಿಂತರೂ ಸುತ್ತ ಒಂದು ಬಯಲು, ಅದರಾಚೆ ಕೈ ಹಿಂದೆ ಕಟ್ಟಿಕೊಂಡ ಜನ. ಫೋಟೋ ತೆಗೆಯುವಾಗ ಮಾತ್ರ ಒಂದು ಕೈ ಮುಂದೆ ಬಂದು ಮತ್ತೆ ಹಿಂದೆ ಹೋಗುತ್ತಿತ್ತು. ಫಿನ್ಲೆಂಡಿನ ಮುದುಕಿ ಲೇಖಕಿ ನನ್ನ ಹತ್ತಿರ ಬಂದು, ತಾನು ಎಷ್ಟೋ ದೇಶ ತಿರುಗಿದ್ದೇನೆ, ಇಷ್ಟು ಮರ್ಯಾದೆಯ ಜನರನ್ನು ಕಂಡಿಲ್ಲ ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಎರಡನೆಯ ದಿನ ಊಟದ ನಂತರ ಕಾಸ್ಟ್ಯೂಮಿನವರ ಮೆರವಣಿಗೆ. ಮಗಳನ್ನು ಪ್ರಾಣಿಯೊಳಗೆ ಕಳಿಸುವಾಗ ನಾನೇ ಎದುರಿಗಿದ್ದೆ. ಗೆಳತಿ ಜಿಪ್ಪು ಎಳೆದಳು, ಪಟ್ಟಿಗೆ ಅಂಟು ಹಚ್ಚಿ ಒತ್ತಿದಳು. ಕೊನೆಗೆ ತಲೆ ಇಟ್ಟರು. ಅದರ ಕತ್ತನ್ನೂ ಅಂಟಿಸಿದರು. ಒಂದು ಗಳಿಗೆಯ ಹಿಂದೆ “ಮಮ್ಮಿ, ಮೇರಾ ಚಷ್ಮಾ ನಿನ್ನ ಪರ್ಸಿನಾಗ ಇಡು” ಎಂದ ಹುಡುಗಿ ಇದ್ದ ಜಾಗದಲ್ಲಿ ಈಗ ಬಾಯಿಲ್ಲದ ಆ ಮುಖ ಇತ್ತು. ನಾನು ಕಣ್ಣಿನ ಪ್ಲಾಸ್ಟಿಕ್ಕಿನೊಳಗೆ ಇಣುಕಿದೆ. ಏನೂ ಕಾಣಲಿಲ್ಲ. ಅದು ನನ್ನ ಕಡೆ ಸ್ವಲ್ಪ ತಲೆ ಬಾಗಿಸಿ, ನಿಧಾನಕ್ಕೆ ನಡೆದು ಹೋಯಿತು.

ನಾನು ಬಾಗಿಲ ಬಳಿಯ ಮೇಜಿಗೆ ವಾಪಸ್ಸು ಬಂದು ನೀರಿನ ಕ್ಯಾನ್ ತಂದವನ ಜೊತೆ ಜಗಳಕ್ಕೆ ನಿಂತೆ. ಅಷ್ಟರಲ್ಲಿ ಕರೆಂಟು ಹೋಯಿತು.

ಕತ್ತಲಾದ ಕೂಡಲೇ ಹಾಲಿನ ತುಂಬ ಹೋ ಎಂಬ ಖುಷಿಯ ಕೂಗು. ಬೇರೆ ಎಲ್ಲಿಯಾದರೂ ಜನ ಗಾಬರಿಯಾಗುತ್ತಿದ್ದರು. ಇವರಿಗೆ ಕತ್ತಲೆಯೂ ಕಾರ್ಯಕ್ರಮದ ಭಾಗ. ಹೊರಗೆ ಜನರೇಟರ್ ಗುಡುಗಿ ಶುರುವಾಯಿತು, ದೀಪಗಳು ಬಂದವು. ಎಸಿ ಬರಲಿಲ್ಲ, ಲಿಫ್ಟೂ ಬರಲಿಲ್ಲ. ಜನರೇಟರ್ ಅಷ್ಟು ಭಾರ ಎಳೆಯುವುದಿಲ್ಲವಂತೆ. ಸ್ವಲ್ಪ ಹೊತ್ತಿನಲ್ಲೇ ಬಂದು ಬಿಡುತ್ತದೆ ಎಂದು ಮೈಕಿನಲ್ಲಿ ಹೇಳಿದರು. ಅರ್ಧ ಗಂಟೆಯಾದರೂ ಬರಲಿಲ್ಲ; ಜನ ಕಾಗದದಿಂದ ಗಾಳಿ ಬೀಸಿಕೊಳ್ಳುತ್ತ ನಿಂತರು. ನನ್ನ ಬೆನ್ನ ಮೇಲೆ ಬೆವರು ಇಳಿಯತೊಡಗಿತು. ಹತ್ತಿ ಸೀರೆಯಲ್ಲಿ ನನಗೇ ಹೀಗಾದರೆ, ಎಂದು ಯೋಚಿಸಿದ್ದು ನೆನಪಿದೆ. ಜೊತೆಗಾತಿ ಇದ್ದಾಳಲ್ಲ ಎಂದು ಸಮಾಧಾನ ಮಾಡಿಕೊಂಡದ್ದೂ ನೆನಪಿದೆ.

ಆ ಹುಡುಗಿ ಅಲ್ಲಿರಲಿಲ್ಲ. ತಲೆಯೊಳಗಿನ ಫ್ಯಾನು ಕುಂಟುತ್ತಿದೆ ಎಂದು ಮಗಳು ಕೈಸನ್ನೆ ಮಾಡಿದ್ದಳಂತೆ. ಹೊಸ ಬ್ಯಾಟರಿ ತರಲು ಅವಳು ಸಾಮಾನಿಟ್ಟಿದ್ದ ಮೂರನೇ ಮಹಡಿಯ ಕೋಣೆಗೆ ಓಡಿ, ಅದನ್ನು ತೆಗೆದುಕೊಂಡು ಬೇಗ ಇಳಿಯಬೇಕೆಂದು ಲಿಫ್ಟು ಹತ್ತಿದ್ದಳು. ಅದು ಎರಡು ಮಹಡಿಗಳ ನಡುವೆ ನಿಂತಿತ್ತು. ಒಳಗೆ ಫೋನಿಗೆ ಸಿಗ್ನಲ್ ಇರಲಿಲ್ಲ; ಅವಳು ಬಾಗಿಲು ಬಡಿಯುತ್ತಿದ್ದದ್ದು ಜನರೇಟರ್ ಸದ್ದಿಗೆ ಯಾರಿಗೂ ಕೇಳಲಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ನನ್ನನ್ನು ಎಬ್ಬಿಸಿದ್ದು ಹಾಲಿನ ಮೌನ. ಇಷ್ಟು ಹೊತ್ತು ಗಿಜಿಗಿಜಿ ಅನ್ನುತ್ತಿದ್ದ ಜನ ಒಮ್ಮೆಲೇ ಸುಮ್ಮನಾದರು. ಮಕ್ಕಳಿರುವ ಮನೆಯಲ್ಲಿ ಹೀಗೆ ಸದ್ದು ನಿಂತರೆ ತಾಯಿಯಾದವಳು ಕೆಲಸ ಬಿಟ್ಟು ಏಳುತ್ತಾಳೆ. ನಾನೂ ಎದ್ದು ಹೋದೆ. ಹಾಲಿನ ನಡುವೆ ದೊಡ್ಡ ದುಂಡು ಬಯಲು, ಅದರ ನಡುವೆ ಪ್ರಾಣಿ ಮೊಣಕಾಲೂರಿತ್ತು. ನಿಧಾನಕ್ಕೆ ಅದರ ಹಣೆ ನೆಲಕ್ಕೆ ತಾಗಿತು. ಒಂದು ಕೈ ಮುಂದೆ ಚಾಚಿ ನೆಲವನ್ನು ಕೆರೆಯಿತು. ಸುತ್ತ ನಿಂತವರ ಮುಖಗಳಲ್ಲಿ ಮೆಚ್ಚುಗೆ ಇತ್ತು. ಕೆಲವರ ಕಣ್ಣಲ್ಲಿ ನೀರೇ ಬಂದಿತ್ತು. ನೀರಿಲ್ಲದ ಸಮುದ್ರದ ಪ್ರಾಣಿ ಹೀಗೇ ಅಲ್ಲವೇ ಸಾಯುವುದು? ಏನು ಅಭಿನಯ! ಅಷ್ಟೂ ಜನ ಒಂದು ಹೆಜ್ಜೆಯನ್ನೂ ಮುಂದಿಡದೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು.

ನಾನು ಜನರನ್ನು ಸರಿಸಿ ಬಯಲಿಗೆ ಬಂದೆ. ಒಬ್ಬ ವಾಲಂಟಿಯರ್ ಹೆಂಗಸು, ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ನನ್ನ ಕವಾಯತಿನಲ್ಲಿ ಎಲ್ಲರಿಗಿಂತ ಚುರುಕಾಗಿದ್ದವಳು, ಅಡ್ಡ ನಿಂತು ಮೆಲ್ಲಗೆ ಹೇಳಿದಳು: “ಆಂಟಿ, ಪೆಹಲೇ ಪೂಛೋ.”

ನಾನು ನಿಂತೆ. ಕೇಳಿದೆ. “ಮುಟ್ಟಲೇನವ್ವಾ?”

ಕೇಳಿ, ಉತ್ತರಕ್ಕೆ ಕಾದೆ. ಬಾಯಿಲ್ಲದ ಪ್ರಾಣಿಯ ಉತ್ತರಕ್ಕೆ. ನೆಲ ಕೆರೆಯುತ್ತಿದ್ದ ಕೈ ನಿಂತಿತ್ತು. ಕಣ್ಣಿನ ಪ್ಲಾಸ್ಟಿಕ್ ಒಳಗಿನಿಂದ ಆವಿ ಕಟ್ಟಿ ಬೆಳ್ಳಗಾಗಿತ್ತು. ಆಗ ನಾನು ಪ್ರಾಣಿಯ ಹಿಂದೆ ನೋಡಿದೆ. ಹಳದಿ ರಿಬ್ಬನ್ನಿನ ಹುಡುಗಿ ನಿಂತಿರಬೇಕಾದ ಜಾಗ ಖಾಲಿ ಇತ್ತು.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಬೆನ್ನಿನ ಪಟ್ಟಿಗೆ ಉಗುರು ಹಾಕಿದೆ, ಉಗುರು ಕಿತ್ತು ಬಂತು, ಪಟ್ಟಿ ಬರಲಿಲ್ಲ. ಹಲ್ಲಿನಿಂದ ಕಚ್ಚಿದೆ, ಅಂಟಿನ ಕಹಿ ಬಾಯಿ ತುಂಬಿತು. ಹಿಂದಿನಿಂದ ಯಾರೋ “ಆಂಟಿ, ಪ್ಲೀಸ್, ಡೋಂಟ್ ಟಚ್” ಎಂದು ನನ್ನ ಭುಜ ಹಿಡಿದರು. ನಾನು ಬಾಯಿಗೆ ಬಂದಂತೆ ಬೈದೆ. ಅಪ್ಪಟ ಧಾರವಾಡದ ಬೈಗುಳ. ಆ ಜನಕ್ಕೆ ಅದು ಬೇರೆ ಯಾವುದೋ ಗ್ರಹದ ಭಾಷೆ ಅನಿಸಿರಬೇಕು, ಭುಜ ಹಿಡಿದ ಕೈ ಸಡಿಲಾಯಿತು. “ಕೊಯ್ಯಾಕ ಏನರ ತರ್ರೋ!” ಎಂದು ಒದರಿದೆ. ಅಷ್ಟು ದೊಡ್ಡ ಹಾಲಿನಲ್ಲಿ ಆ ಮಾತು ತಿಳಿದವರು ಇಬ್ಬರೇ: ಆ ಕಡೆಯ ತುದಿಯಲ್ಲಿ ಪುಸ್ತಕದ ಮಳಿಗೆಯಲ್ಲಿದ್ದ ನನ್ನ ಗಂಡ, ಊಟದ ಮೇಜಿನ ಹಿಂದಿದ್ದ ಉಡುಪಿಯ ಮಾಲೀಕರು. ಮಾಲೀಕರು ತರಕಾರಿ ಹೆಚ್ಚುವ ಚಾಕು ಹಿಡಿದು ಓಡಿ ಬಂದರು.

“ಸರಿಯಿರಿ ಅಕ್ಕ, ಸರಿಯಿರಿ. ಒಳಗೆ ಮಗು ಉಂಟು, ಗಾಯ ಆಗಬಾರದು,” ಎನ್ನುತ್ತ ಕತ್ತಿನಿಂದ ಬೆನ್ನಿನುದ್ದಕ್ಕೂ ಫೋಮನ್ನು ಸೀಳಿದರು. ನಾನು ಎರಡೂ ಕೈಯಿಂದ ಸೀಳನ್ನು ಅಗಲಿಸಿದೆ. ಒಳಗಿನಿಂದ ಬಂದ ಬಿಸಿ ನನ್ನ ಮುಖಕ್ಕೆ ಬಡಿಯಿತು. ಮೈಯೆಲ್ಲ ನೆನೆದು ತೊಪ್ಪೆಯಾದ, ಕೆಂಪಗೆ ಕುದ್ದು ಹೋದ ನನ್ನ ಮಗಳನ್ನು ಕಂಕುಳಿಗೆ ಕೈ ಹಾಕಿ ಹೊರಗೆಳೆದೆ.

ಆಗ ಜನ ಚಪ್ಪಾಳೆ ತಟ್ಟಿದರು.

ಸತ್ತ ಪ್ರಾಣಿಯ ಬೆನ್ನು ಸೀಳಿ ಹುಡುಗಿ ಹುಟ್ಟಿ ಬಂದಳು ಎಂದುಕೊಂಡರು. ಅಷ್ಟು ಹೊತ್ತು ಹಿಂದಿದ್ದ ಕೈಗಳೆಲ್ಲ ಮುಂದೆ ಬಂದು ತಟ್ಟಿದವು. ಹಾಲಿಗೆ ಹಾಲೇ ಗುಡುಗಿತು. ಕಣ್ಣು ಮೇಲೆ ಮಾಡಿದ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ಆ ಚಪ್ಪಾಳೆಯ ನಡುವೆ ಕೂತಿದ್ದೆ. ಗಂಡ ಓಡಿ ಬಂದು ಅವಳ ಮೇಲೆ ನೀರಿನ ಕ್ಯಾನು ಬೋರಲು ಹಾಕಿ, ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಾಗ ಒಬ್ಬೊಬ್ಬರದೇ ಕೈ ನಿಂತಿತು. ಆ ಚಪ್ಪಾಳೆ ನನಗೆ ಈಗಲೂ ಕೇಳಿಸುತ್ತದೆ. ಮದುವೆ ಮನೆಯಲ್ಲಿ ಜನ ಚಪ್ಪಾಳೆ ತಟ್ಟಿದರೆ ಎದ್ದು ಹೊರಗೆ ಹೋಗುತ್ತೇನೆ.

ಮಗಳು ಬದುಕಿದಳು. ಈಗ ಕಾಲೇಜು ಮುಗಿಸಿದ್ದಾಳೆ; ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ಮಾತ್ರ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಾಳೆ. ಕಮಿಟಿಯವರು ಆಮೇಲೆ ಮನೆಗೆ ಬಂದು ಕೂತರು. ಯಾರನ್ನು ಬೈಯಲಿ? ಅಷ್ಟು ಜನರಲ್ಲಿ ಒಬ್ಬರಾದರೂ ಕೆಟ್ಟವರಿದ್ದಿದ್ದರೆ, ಒಬ್ಬರಾದರೂ ನಿಯಮ ಮುರಿಯುವ ಪೋಲಿ ಇದ್ದಿದ್ದರೆ, ನನ್ನ ಮಗಳ ಮೈ ಎಷ್ಟು ಬಿಸಿಯಾಗಿದೆಯೆಂದು ಮೊದಲೇ ಗೊತ್ತಾಗುತ್ತಿತ್ತು. ಈ ಯೋಚನೆ ಬಂದ ದಿನ ನನಗೆ ನನ್ನ ಮೇಲೇ ಭಯವಾಯಿತು.

ಆಸ್ಪತ್ರೆಯಲ್ಲಿ ಅವಳು ಕಣ್ಣು ಬಿಟ್ಟದ್ದು ಆ ಮೆರವಣಿಗೆಯ ಮರುದಿನ ಸಂಜೆ. ಗಂಡ ಔಷಧಿ ತರಲು ಕೆಳಗೆ ಹೋಗಿದ್ದರು. ಡಾಕ್ಟರು ಇನ್ನೂ ನೋಡೋಣ ಎಂಬ ಮಾತಿನಲ್ಲೇ ಇದ್ದರು. ಮಗಳು ಸಣ್ಣ ದನಿಯಲ್ಲಿ ಮಾತಾಡಿದಳು.

“ಒಳಗಿಂದ ಕಾಣತಿತ್ತು, ಮಮ್ಮಿ. ಧುಂಧಲಾ, ಮಬ್ಬು, ಆದ್ರ ಕಾಣತಿತ್ತು. ಸಬ್ ಕೇ ಹಾಥ್ ಪೀಛೆ. ನಾ ನೋಡಾಕತ್ತಿದ್ದೆ, ಯಾರದರ ಒಂದ್ ಕೈ ಮುಂದ ಬರ್ತದೇನಂತ.” ಉಸಿರು ತೆಗೆದುಕೊಂಡಳು. “ಫಿರ್ ನೀ ಬಂದಿ. ಸೀರಿ ಕಾಣಸ್ತು. ನಾ ಅಂದ್ಕೊಂಡೆ, ಬಸ್, ಮಮ್ಮಿ ಬಂದ್ಳು. ನೀ ಭೀ ಕೈ ಹಿಂದ ಕಟ್ಕೊಂಡು ನಿಂತಿ.”

ಅದರಲ್ಲಿ ದೂರು ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದಳು. ನಾನು ಕೈ ಹಿಂದೆ ಕಟ್ಟಿಕೊಂಡಿದ್ದೆನೆಂದು ಅವಳು ಹೇಳುವವರೆಗೆ ನನಗೇ ಗೊತ್ತಿರಲಿಲ್ಲ.

“ಆ ರೂಲ್ ಸುಟ್ಟು ಹಾಕಸ್ತೀನಿ,” ಅಂದೆ. “ನಾನ ಹಚ್ಚಿದ್ದು, ನಾನ ಹರೀತೀನಿ.”

“ನಹೀ.” ತಲೆ ಅಲ್ಲಾಡಿಸಲು ಅವಳಿಗೆ ಶಕ್ತಿ ಇರಲಿಲ್ಲ, ಕಣ್ಣಷ್ಟೇ ಆಡಿಸಿದಳು. “ರೂಲ್ ಇರಲಿ. ಬಾಂದ್ರಾ ಮರತಿಯೇನು?”

ಮರೆತಿರಲಿಲ್ಲ. ಅವಳ ಹಣೆಯ ಮೇಲೆ ಬೆವರು ಮೂಡಿತ್ತು. ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಲು ಹೋದೆ. ಕೈ ಅರ್ಧಕ್ಕೇ ನಿಂತಿತು. ನಾನು ಬೇಡವೆಂದರೂ ಬಾಯಿ ತಾನಾಗಿ ಕೇಳಿತು: “ಮುಟ್ಟಲೇನವ್ವಾ?”

ಮಗಳು ನನ್ನನ್ನು ನೋಡಿದಳು.

“ಅವ್ವಾ,” ಅಂದಳು. “ನೀ ಕೇಳಬ್ಯಾಡ.”

ನಾನು ಅವಳ ಹಣೆ ಒರೆಸಿದೆ. ಅದು ಇನ್ನೂ ಸುಡುತ್ತಿತ್ತು.